ಅರಸನ ಸೊತ್ತು, ಊರಿನ ಜನ

– ಜರ್ಮನಿಯ ರೈನ್ ದಂಡೆಯ ವೋರ್ಮ್ಸ್ ಊರಿನ ಯಹೂದಿಗಳ ಚರಿತ್ರೆಯನ್ನು ಎಲ್ಲಿಂದ ಶುರು ಮಾಡಬೇಕು ಎಂದರೆ ನಾನು 1096ರಿಂದ ಎನ್ನುತ್ತೇನೆ. ಆ ವರ್ಷದ ಮೇ ತಿಂಗಳಲ್ಲಿ, ಒಂದು ವಾರದ ಅಂತರದಲ್ಲಿ ಎರಡು ಸಲ ದಾಳಿ ನಡೆದು ಸುಮಾರು 800 ಜನ ಸತ್ತರೆಂದು ಹೀಬ್ರೂ ವೃತ್ತಾಂತಗಳು ಹೇಳುತ್ತವೆ. ಒಂದು ಇಡೀ ಸಮುದಾಯ ಹೆಚ್ಚುಕಡಿಮೆ ಅಳಿದುಹೋಯಿತು. ಬೇರೇನನ್ನು ಮೊದಲು ಹೇಳಿದರೂ ಮುಖ್ಯ ಮಾತನ್ನು ತಪ್ಪಿಸಿದ ಹಾಗೆ.

– ನಾನು 1034ರಿಂದ ಶುರು ಮಾಡುತ್ತೇನೆ. ಯಾಕೋಬ್ ಬೆನ್ ದಾವಿದ್ ಮತ್ತು ಅವನ ಹೆಂಡತಿ ರಾಹೇಲ್ ಎಂಬ ಮಕ್ಕಳಿಲ್ಲದ ದಂಪತಿ ತಮ್ಮ ಹಣದಲ್ಲಿ ಆ ವರ್ಷ ಅಲ್ಲೊಂದು ಸಿನಗಾಗ್ ಕಟ್ಟಿಸಿದರು. ಅವರ ಹೆಸರಿರುವ ದಾನಶಾಸನ ಇಂದಿಗೂ ಆ ಮಂದಿರದ ಗೋಡೆಯಲ್ಲಿದೆ. ಹೇಳಿ, ಆಮೇಲೆ ಕೊಲೆಯಾದವರು ಯಾರು ಎಂದು ತಿಳಿಯದೆ ಕೊಲೆಯನ್ನಷ್ಟೇ ಹೇಳಿದರೆ ಸತ್ತವರ ಬಗ್ಗೆ ಏನು ಹೇಳಿದಂತಾಯಿತು? 1096ಕ್ಕೆ ಮೊದಲೇ ಆ ಮಂದಿರದಲ್ಲಿ ಅರವತ್ತು ವರ್ಷ ಪ್ರಾರ್ಥನೆ ನಡೆದಿತ್ತು. ಊರಿನ ಹಳೆಯ ಕೋಟೆಗೋಡೆಯ ಹೊರಗೆ ‘ಪವಿತ್ರ ಮರಳು’ ಎಂದು ಕರೆಯುವ ರುದ್ರಭೂಮಿಯಿದೆ. ಅಲ್ಲಿ ಈಗಲೂ ನಿಂತಿರುವ ಅತಿ ಹಳೆಯ ಸಮಾಧಿಕಲ್ಲು 1058–59ರದು. ಯುರೋಪಿನಲ್ಲಿ ಇದ್ದಲ್ಲೇ ಉಳಿದುಬಂದ ಯಹೂದಿ ರುದ್ರಭೂಮಿಗಳಲ್ಲಿ ಇಷ್ಟು ಹಳೆಯದು ಇನ್ನೊಂದಿಲ್ಲ. ಸತ್ತವರಿಗೆ ಕಲ್ಲು ನೆಟ್ಟವರು ಆ ಊರನ್ನು ತಮ್ಮದೆಂದೇ ತಿಳಿದಿದ್ದರು.

– ತಮ್ಮದೆಂದು ಅವರು ತಿಳಿದರು. ಊರು ತಿಳಿಯಿತೇ?

– ಒಂದು ಹಂತದವರೆಗೆ ಹೌದು. 1074ರ ಒಂದು ರಾಜಪತ್ರ ನೋಡಿ. ಅದರ ಹಿಂದಿನ ವರ್ಷ ಸ್ಯಾಕ್ಸನರ ದಂಗೆಯಿಂದ ನಾಲ್ಕನೆಯ ಹೆನ್ರಿ ಅರಸ ದಿಕ್ಕೆಟ್ಟು ಓಡುತ್ತಿದ್ದ. ದೊಡ್ಡ ದೊರೆಗಳು ಕೈಬಿಟ್ಟಿದ್ದರು. ವೋರ್ಮ್ಸ್ ಜನ ತಮ್ಮ ಬಿಷಪ್ ಅಡಾಲ್ಬರ್ಟನನ್ನು ಹೊರದಬ್ಬಿ ಅರಸನಿಗೆ ಬಾಗಿಲು ತೆರೆದರು. ಆ ಋಣಕ್ಕೆ ಹೆನ್ರಿ ಫ್ರಾಂಕ್‌ಫರ್ಟ್, ಬೊಪ್ಪಾರ್ಡ್, ಡಾರ್ಟ್‌ಮುಂಡ್, ಗೋಸ್ಲಾರ್ ಮೊದಲಾದ ತನ್ನ ಸುಂಕದ ಕಟ್ಟೆಗಳಲ್ಲಿ ವೋರ್ಮ್ಸ್‌ನವರಿಗೆ ಸುಂಕ ಮಾಫಿ ಮಾಡಿದ. ಆ ಪತ್ರದಲ್ಲಿ ಯಹೂದಿಗಳನ್ನೂ ಉಳಿದ ವೋರ್ಮ್ಸ್‌ನವರನ್ನೂ ಒಟ್ಟಿಗೇ ಹೆಸರಿಸಿದೆ. ಯಹೂದಿಗಳ ಹೆಸರೇ ಮೊದಲು. ಅಲ್ಲಿ ಅವರು ಊರಿನವರು, ಪಕ್ಕದಲ್ಲಿ ನೆಲೆಸಿದ ಪರದೇಶಿಗಳಲ್ಲ.

– ಸುಂಕದ ಪತ್ರದಲ್ಲಿ ಹೆಸರು ಬಂತೆಂದರೆ ಸುಂಕ ಕೊಡುವಷ್ಟು ವ್ಯಾಪಾರ ಅವರ ಕೈಯಲ್ಲಿತ್ತು ಎಂದು ಮಾತ್ರ ಅರ್ಥವಾಗುತ್ತದೆ.

– ವ್ಯಾಪಾರವಂತೂ ಇತ್ತು. ರೈನ್ ನದಿಯೇ ಅವರ ಹೆದ್ದಾರಿ. ಕೆಳಗೆ ಮೈನ್ಜ್, ಅದರಾಚೆ ಕಲೋನ್ ನಗರದ ಸಂತೆ, ಮೇಲಕ್ಕೆ ಹೋದರೆ ಸ್ಪೈಯರ್. ಆದರೆ ಆ ನದಿಯ ಮೇಲೆ ವಿದ್ಯೆಯೂ ಓಡಾಡುತ್ತಿತ್ತು. ಶಾಂಪೇನ್ ಸೀಮೆಯ ಟ್ರ್ವಾ ಊರಿನಿಂದ ಒಬ್ಬ ಯುವಕ 1060ರ ಆಸುಪಾಸಿನಲ್ಲಿ ಓದಲು ಬಂದ. ಮೊದಲು ಮೈನ್ಜ್‌ನಲ್ಲಿ, ಆಮೇಲೆ ವೋರ್ಮ್ಸ್‌ನಲ್ಲಿ ಇಸಾಕ್ ಹಲೇವಿಯ ಹತ್ತಿರ ಕಲಿತ. ಅವನೇ ರಾಶಿ. ಬೈಬಲ್‌ಗೂ ಯಹೂದಿ ಧರ್ಮಶಾಸ್ತ್ರದ ಗ್ರಂಥವಾದ ತಾಲ್ಮುದ್‌ಗೂ ಅವನು ಬರೆದ ವ್ಯಾಖ್ಯಾನವಿಲ್ಲದೆ ಸಂಪ್ರದಾಯಸ್ಥ ಯಹೂದಿಗಳ ಓದು ಇಂದಿಗೂ ಶುರುವಾಗುವುದಿಲ್ಲ. ತಾಲ್ಮುದ್‌ನ ಅಚ್ಚಾದ ಪುಟದಲ್ಲಿ ಮೂಲ ನಡುವೆ ಇರುತ್ತದೆ, ರಾಶಿ ಅದರ ಒಳಬದಿಯಲ್ಲಿ. ವೋರ್ಮ್ಸ್‌ನಲ್ಲಿ ಈಗ ‘ರಾಶಿಯ ಕೋಣೆ’ ಎಂದು ತೋರಿಸುವುದು 1624ರ ಕಟ್ಟಡ. ಅವನು ಅದನ್ನು ಕಂಡವನಲ್ಲ. ಆದರೂ ಐದೂವರೆ ಶತಮಾನ ಕಳೆದ ಮೇಲೆ ಒಬ್ಬ ವಿದ್ಯಾರ್ಥಿಯ ಹೆಸರನ್ನು ಹಿಡಿದುಕೊಂಡ ಊರಿನ ಮೇಲೆ ನನಗೆ ಗೌರವವಿದೆ.

– ನನಗೂ ಇದೆ. ಆದರೆ ರಾಶಿ ಊರಿಗೆ ಮರಳಿದ್ದರಿಂದ ಬದುಕಿದ. ಅವನು ಓದಿದ ಶಾಲೆಗಳು ಅವನು ಬದುಕಿದ್ದಾಗಲೇ ನಾಶವಾದವು. ನೀವು 1074ರ ಪತ್ರ ತೆಗೆದಿರಿ. ನಾನು 1090ರದನ್ನು ತೆಗೆಯುತ್ತೇನೆ. ಅದೇ ಹೆನ್ರಿ ವೋರ್ಮ್ಸ್ ಮತ್ತು ಸ್ಪೈಯರ್‌ನ ಯಹೂದಿಗಳಿಗೆ ಕೊಟ್ಟದ್ದು. ಓದಿದರೆ ಎಷ್ಟು ಉದಾರವಾಗಿದೆ ಅನ್ನಿಸುತ್ತದೆ. ಅವರ ಮನೆ, ತೋಟ, ದ್ರಾಕ್ಷಿತೋಟಗಳನ್ನು ಯಾರೂ ಮುಟ್ಟಕೂಡದು. ನಾಡಿನೊಳಗೆ ಎಲ್ಲಿ ಬೇಕಾದರೂ ಓಡಾಡಿ ವ್ಯಾಪಾರ ಮಾಡಬಹುದು. ಅವರ ಮಕ್ಕಳಿಗೆ ಬಲವಂತದ ದೀಕ್ಷಾಸ್ನಾನ ಮಾಡಿಸಿದವನು ದಂಡ ತೆರಬೇಕು. ತಾನಾಗಿಯೇ ಕ್ರೈಸ್ತನಾಗುತ್ತೇನೆ ಎಂದವನನ್ನೂ ಮೂರು ದಿನ ಕಾಯಿಸಿ, ನಿಜವಾದ ಮನಸ್ಸೇ ಎಂದು ನೋಡಬೇಕು. ಕಾದ ಕಬ್ಬಿಣ, ಕುದಿಯುವ ನೀರಿನ ಪರೀಕ್ಷೆಗೆ ಅವರನ್ನು ಒಡ್ಡಕೂಡದು. ತಮ್ಮ ತಮ್ಮ ಜಗಳಗಳನ್ನು ಅವರು ತಮ್ಮ ಕಾನೂನಿನಂತೆ ತಾವೇ ತೀರಿಸಿಕೊಳ್ಳಬಹುದು. ಸರಿ. ಈಗ ಇದರ ಕಾರಣ ಕೇಳಿ. ಹೆನ್ರಿಯ ಮರಿಮಗ ಫ್ರೆಡರಿಕ್ ಬಾರ್ಬರೋಸಾ 1157ರಲ್ಲಿ ವೋರ್ಮ್ಸ್‌ನವರಿಗೆ ಅದೇ ಪತ್ರವನ್ನು ಮತ್ತೆ ಬರೆದುಕೊಟ್ಟ. ಮೂಲ ಪತ್ರ ಕಳೆದುಹೋಗಿದೆ, ನಮಗೆ ಗೊತ್ತಿರುವುದು ಇವನ ಪ್ರತಿಯಿಂದಲೇ. ಅದರಲ್ಲಿ ಕಾರಣ ಸ್ಪಷ್ಟವಾಗಿದೆ. ಇವರು ನಮ್ಮ ಖಜಾನೆಗೆ ಸೇರಿದವರು ಎಂದು. 1236ರಲ್ಲಿ ಎರಡನೆಯ ಫ್ರೆಡರಿಕ್ ಚಕ್ರವರ್ತಿ ಅದನ್ನೇ ಇಡೀ ಜರ್ಮನಿಗೆ ವಿಸ್ತರಿಸಿ ಎಲ್ಲ ಯಹೂದಿಗಳನ್ನೂ ತನ್ನ ಖಜಾನೆಯ ಸೇವಕರು ಎಂದ. ಅರಸ ಕಾಪಾಡಿದ್ದು ತನ್ನ ಸೊತ್ತನ್ನು. ಸೊತ್ತಿನ ಒಡೆಯ ದೂರ ಹೋದಾಗ ಏನಾಗುತ್ತದೆ?

– 1096ರಲ್ಲಿ ಹೆನ್ರಿ ಇಟಲಿಯಲ್ಲಿದ್ದ. ಅದನ್ನೇ ಅಲ್ಲವೇ ನೀವು ಹೇಳಹೊರಟಿರುವುದು?

– ಅದೇ. ಹಿಂದಿನ ವರ್ಷದ ನವೆಂಬರ್‌ನಲ್ಲಿ ಕ್ಲೆರ್ಮೊಂಟ್‌ನಲ್ಲಿ ಪೋಪ್ ಎರಡನೆಯ ಅರ್ಬನ್ ಜೆರುಸಲೇಮಿನ ದಾರಿ ತೋರಿಸಿದ. ಬಟ್ಟೆಯ ಮೇಲೆ ಶಿಲುಬೆ ಹೊಲಿದುಕೊಂಡು ಹೊರಟ ಗುಂಪುಗಳಿಗೆ ಜೆರುಸಲೇಮ್ ದೂರ, ರೈನ್ ದಂಡೆಯ ಯಹೂದಿಗಳು ಹತ್ತಿರ. ಮೇ 3ರಂದು ಸ್ಪೈಯರ್‌ನಲ್ಲಿ 11 ಮಂದಿ ಸತ್ತರು. ಅಲ್ಲಿನ ಬಿಷಪ್ ಯೋಹಾನ್ ಉಳಿದವರನ್ನು ಒಳಗೆ ಸೇರಿಸಿಕೊಂಡ, ಕೊಂದವರಲ್ಲಿ ಕೆಲವರಿಗೆ ಶಿಕ್ಷೆ ಕೊಟ್ಟ. ಸುದ್ದಿ ವೋರ್ಮ್ಸ್ ಮುಟ್ಟಿತು. ಅಲ್ಲಿ ಜನ ಎರಡು ಪಾಲಾದರು. ಕೆಲವರು ಬಿಷಪ್‌ನ ಅರಮನೆ ಸೇರಿದರು, ಕೆಲವರು ನೆರೆಯವರ ಮಾತು ನಂಬಿ ಮನೆಯಲ್ಲೇ ಉಳಿದರು. ತಮ್ಮ ಹಣ, ಬೆಲೆಬಾಳುವ ವಸ್ತುಗಳನ್ನು ಆ ನೆರೆಯವರ ಕೈಗೇ ಕೊಟ್ಟು ಇಡಿಸಿದರು. ಆಗ ಊರಲ್ಲಿ ಒಂದು ಗಾಳಿಮಾತು ಎದ್ದಿತು. ಹೂತಿದ್ದ ಹೆಣವೊಂದನ್ನು ಯಹೂದಿಗಳು ಅಗೆದು ತೆಗೆದು, ನೀರಲ್ಲಿ ಬೇಯಿಸಿ, ಆ ನೀರನ್ನು ಊರ ಬಾವಿಗಳಿಗೆ ಸುರಿದರಂತೆ. ಮೇ 18ರಂದು ಮನೆಯಲ್ಲಿದ್ದವರು ಸತ್ತರು. ಒಂದು ವಾರದ ಮೇಲೆ, 25ರಂದು, ಅರಮನೆಯಲ್ಲಿದ್ದವರು.

– ಮಾತು ಕೊಟ್ಟ ನೆರೆಯವರು ಆಗ ಎಲ್ಲಿದ್ದರು?

– ವೃತ್ತಾಂತಕಾರನಿಗೆ ಕೊಂದ ಅಪರಿಚಿತರಿಗಿಂತ ಹೆಚ್ಚು ನೋವು ಕೊಟ್ಟದ್ದು ಅವರೇ. ಶಿಲುಬೆಯವರ ಜೊತೆ ಊರಿನವರೂ ಸೇರಿದರೆಂದು ಬರೆದಿದ್ದಾನೆ. ಮಿನ್ನಾ ಎಂಬ ಹೆಂಗಸಿನ ಕಥೆ ಕೇಳಿ. ಊರಿನ ದೊಡ್ಡವರಿಗೆಲ್ಲ ಪರಿಚಯವಿದ್ದ ಗೌರವಸ್ಥೆ. ಊರ ಹೊರಗೆ ಒಂದು ನೆಲಮಾಳಿಗೆಯಲ್ಲಿ ಅಡಗಿದ್ದಳು. ಜನ ಅವಳನ್ನು ಹುಡುಕಿಕೊಂಡು ಬಂದು, ನೀನು ಒಳ್ಳೆಯವಳು, ನಿನ್ನನ್ನು ಕೊಲ್ಲಲು ನಮಗೆ ಮನಸ್ಸಿಲ್ಲ, ಮತ ಬಿಡು ಸಾಕು ಎಂದು ಬೇಡಿದರು. ಅವಳು ಒಪ್ಪಲಿಲ್ಲ. ಕೊಂದರು. ಅವಳನ್ನು ಗುರುತಿಸಿಯೇ ಕೊಂದರು ಎನ್ನುವುದನ್ನು ನಾನು ಮರೆಯಲಾರೆ. ನೀವು ಊರಿನ ಜನ ಎನ್ನುತ್ತೀರಿ. ಪರಿಚಯ ಅವಳನ್ನು ಉಳಿಸಲಿಲ್ಲ.

– ನಾನೂ ಮರೆಯಲಾರೆ. ಆದರೆ ಅದೇ ವೃತ್ತಾಂತದಲ್ಲಿ ಇನ್ನೂ ಕಷ್ಟದ ಪುಟಗಳಿವೆ. ಅವನ್ನು ನೀವು ಹೇಗೆ ಓದುತ್ತೀರಿ?

– ತಾವೇ ತಮ್ಮವರನ್ನು ಕೊಂದ ಪುಟಗಳು. ಮೆಶುಲ್ಲಾಮ್ ಬಾರ್ ಇಸಾಕ್ ತನ್ನ ಮಗ ಇಸಾಕನನ್ನು, ಹೆಂಡತಿ ಜಿಪ್ಪೋರಾ ಬೇಡಿಕೊಳ್ಳುತ್ತಿದ್ದರೂ, ಬಲಿಯಂತೆ ಅರ್ಪಿಸಿದ ಎಂಬ ಕಥೆ. ಅಬ್ರಹಾಮನ ಕೈಯನ್ನು ದೇವದೂತ ತಡೆದಿದ್ದ. ಇಲ್ಲಿ ತಡೆಯಲು ಯಾರೂ ಬರಲಿಲ್ಲ. ಸಿಮ್ಹಾ ಹಕೋಹೆನ್ ಎಂಬ ಯುವಕನದು ಇನ್ನೊಂದು ದಾರಿ. ಮತಾಂತರಕ್ಕೆ ಒಪ್ಪಿದವನಂತೆ ನಡೆದು ಹೋಗಿ, ಅಡಗಿಸಿಟ್ಟ ಚೂರಿಯಿಂದ ಬಿಷಪ್‌ನ ಸಂಬಂಧಿಯನ್ನು ಇರಿದು ಸತ್ತ. ನಾನು ಇವರಲ್ಲಿ ಯಾರ ಬಗ್ಗೆಯೂ ತೀರ್ಪು ಕೊಡುವುದಿಲ್ಲ. ಅಂಥ ಕೋಣೆಯಲ್ಲಿ ನಿಲ್ಲದವನಿಗೆ ಆ ಹಕ್ಕಿಲ್ಲ.

– ತೀರ್ಪು ನಾನೂ ಕೊಡುವುದಿಲ್ಲ. ಆದರೆ ಓದುವಾಗ ಒಂದನ್ನು ನೆನಪಿಡುತ್ತೇನೆ. ಈ ವೃತ್ತಾಂತಗಳನ್ನು ಬರೆದವರು ಬದುಕುಳಿದ ಸಮುದಾಯದವರು. ಬದುಕುಳಿದವರಲ್ಲಿ ಬಲವಂತಕ್ಕೆ ತಲೆಬಾಗಿ ದೀಕ್ಷಾಸ್ನಾನ ಮಾಡಿಸಿಕೊಂಡವರೂ ಇದ್ದರು. ಮರುವರ್ಷ, 1097ರಲ್ಲಿ, ಹೆನ್ರಿ ಅವರಿಗೆಲ್ಲ ಮತ್ತೆ ಯಹೂದಿಗಳಾಗಲು ಅನುಮತಿ ಕೊಟ್ಟ. ಹೆನ್ರಿಯೇ ಪೋಪ್ ಮಾಡಿ ಕೂರಿಸಿದ್ದ ಮೂರನೆಯ ಕ್ಲೆಮೆಂಟ್ ಅದು ಸಲ್ಲದು ಎಂದು ವಿರೋಧಿಸಿದ. ಅರಸ ಕೇಳಲಿಲ್ಲ. ಮನೆಗೆ ಮರಳಿ ಬಂದವರ ಕಿವಿಯಲ್ಲಿ ಮರಳದವರ ಹೆಸರುಗಳು ಇದ್ದವು. ಆ ಕಥೆಗಳಲ್ಲಿ ಸತ್ತವರು ಅಷ್ಟು ಎತ್ತರಕ್ಕೆ ಏರುವುದಕ್ಕೆ ಉಳಿದವರ ಆ ದುಃಖವೂ ಕಾರಣ ಎಂದು ನನಗೆ ತೋರುತ್ತದೆ. ಹಾಗೆ ಓದಿದರೆ ತಲೆಬಾಗಿ ಬದುಕಿದವರಿಗೂ ಚರಿತ್ರೆಯಲ್ಲಿ ಜಾಗ ಸಿಗುತ್ತದೆ. ಸಮುದಾಯವನ್ನು ಮತ್ತೆ ಕಟ್ಟಿದವರು ಅವರು.

– ಮತ್ತೆ ಅದೇ ಊರಿನಲ್ಲಿ ಯಾಕೆ ಕಟ್ಟಿದರು? ನನಗೆ ಯಾವತ್ತೂ ಬಿಡಿಸಲಾಗದ ಪ್ರಶ್ನೆ ಅದು. ತಾವು ಒಡವೆ ಒಪ್ಪಿಸಿದ್ದ ನೆರೆಯವನ ಪಕ್ಕದ ಮನೆಗೇ ಹೋಗಿ ಮತ್ತೆ ಹೇಗೆ ಕದ ತೆರೆದರು?

– ಅಜ್ಜಂದಿರ ಗೋರಿಗಳು ಅಲ್ಲಿದ್ದವು. ಕೊಟ್ಟ ಸಾಲ, ಬಿಟ್ಟ ಮನೆ, ಗೊತ್ತಿದ್ದ ನದಿ ಅಲ್ಲಿದ್ದವು. ಅವರಾಡುತ್ತಿದ್ದ ಮಾತು ಆ ನೆಲದ್ದೇ. ಅವರಿಗೆ ಬೇರೆ ಊರೆಂಬುದು ಇರಲಿಲ್ಲ, ಇದೇ ಅವರ ಊರು. ಹೇಗೆ ಮರಳಿದರು ಎಂಬುದಕ್ಕೆ ಉತ್ತರ ಕಟ್ಟಡದಲ್ಲಿದೆ. 1174–75ರಲ್ಲಿ ಹಳೆಯ ಮಂದಿರದ ಜಾಗದಲ್ಲಿ ಹೊಸದನ್ನು ಎತ್ತಿದರು. ನಡುವೆ ಎರಡು ಕಂಬ, ಅವುಗಳ ಮೇಲೆ ಕಮಾನಿನ ಚಾವಣಿ. ಕಂಬಗಳ ತಲೆಯಲ್ಲಿ ಬಿಡಿಸಿದ ಎಲೆಗಳು ಎಷ್ಟು ಹದವಾಗಿವೆ ಎಂದರೆ ನೋಡುತ್ತ ನಿಂತುಬಿಡಬೇಕು. ಅದೇ ವರ್ಷಗಳಲ್ಲಿ ಊರಿನ ನಡುವೆ ದೊಡ್ಡ ಕತೀಡ್ರಲ್ ಏಳುತ್ತಿತ್ತು, 1181ರಲ್ಲಿ ಅದರ ಪ್ರತಿಷ್ಠೆಯಾಯಿತು. ಎರಡೂ ಕಡೆಯ ಕೆತ್ತನೆ ನೋಡಿದವರು ಕತೀಡ್ರಲ್‌ಗೆ ದುಡಿದ ಶಿಲ್ಪಿಗಳ ಬಳಗವೇ ಇಲ್ಲೂ ದುಡಿದಿದೆ ಎನ್ನುತ್ತಾರೆ. ಮೂರ್ನಾಲ್ಕು ತಲೆಮಾರಿನ ಹಿಂದೆ ಕೊಲೆ ನಡೆದ ಊರಿನಲ್ಲಿ ಕ್ರೈಸ್ತ ಕಲ್ಲುಕುಟಿಗನ ಉಳಿ ಯಹೂದಿ ಮಂದಿರದ ಕಂಬವನ್ನು ಕಡೆಯಿತು. ಕೂಲಿ ಕೊಟ್ಟರು, ಕೆಲಸ ಮಾಡಿಸಿದರು, ಪಕ್ಕದಲ್ಲಿ ನಿಂತು ಕೈತೋರಿಸಿದರು. ಬದುಕು ಮರುಕಳಿಸುವುದು ಹಾಗೆ.

– ಯಹೂದಿ ಚಿಂತಕ ಮಾರ್ಟಿನ್ ಬೂಬರ್ ಇದಕ್ಕೆ ತೀರ ಬೇರೆ ಮಾತು ಹೇಳಿದ್ದಾರೆ. 1933ರ ಜನವರಿಯಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಕ್ರೈಸ್ತ ಪಂಡಿತರೊಬ್ಬರ ಜೊತೆ ನಡೆದ ಸಂವಾದದಲ್ಲಿ. ಬೂಬರ್ ವೋರ್ಮ್ಸ್‌ಗೆ ದೂರವಲ್ಲದ ಊರಿನಲ್ಲಿದ್ದರು. ಆ ರುದ್ರಭೂಮಿಯಲ್ಲಿ ನಿಂತು, ಸೊಟ್ಟಗೆ ವಾಲಿದ, ರೂಪಗೆಟ್ಟ ಕಲ್ಲುಗಳಿಂದ ತಲೆಯೆತ್ತಿ, ಸಾಮರಸ್ಯವೇ ಮೈವೆತ್ತ ಕತೀಡ್ರಲ್ ನೋಡುತ್ತಿದ್ದರಂತೆ. ರೂಪವೆಲ್ಲ ಅಲ್ಲಿ, ತಮ್ಮ ಪಾಲಿಗೆ ಕಲ್ಲು ಮತ್ತು ಕಲ್ಲಿನಡಿಯ ಬೂದಿ. ಆದರೂ ಆ ಬೂದಿಯ ಜೊತೆ ದೇವರು ಮಾಡಿಕೊಂಡ ಒಡಂಬಡಿಕೆ ರದ್ದಾಗಿಲ್ಲ ಎಂಬುದು ಅವರ ನಂಬಿಕೆ. ಹಿಟ್ಲರ್ ಅಧಿಕಾರಕ್ಕೆ ಬರಲು ಆಗ ಕೆಲವೇ ದಿನಗಳಿದ್ದವು.

– ಅದು ಧೈರ್ಯದ ಮಾತು. ಅದರ ಮುಂದೆ ನಾನು ತಲೆಬಾಗುತ್ತೇನೆ. ಆದರೆ ಅದರ ಮೊದಲ ಅರ್ಧವನ್ನು ಒಪ್ಪುವುದಿಲ್ಲ. ರೂಪವೆಲ್ಲ ಕತೀಡ್ರಲ್‌ಗೆ, ಬೂದಿಯೆಲ್ಲ ಯಹೂದಿಗಳಿಗೆ ಎಂದು ಹಂಚುವುದು ಸರಿಯಲ್ಲ. ಆ ಎರಡು ಕಂಬಗಳು ರೂಪವಲ್ಲವೇ? 1185–86ರಲ್ಲಿ ಕಟ್ಟಿದ ಮಿಕ್ವೆಯನ್ನು ನೋಡಿ. ಶುದ್ಧಿಸ್ನಾನದ ಕೊಳ ಅದು. ಹರಿವ ನೀರೋ ಮಳೆನೀರೋ ಅಂತರ್ಜಲವೋ ಆಗಬೇಕು, ಕೊಡದಲ್ಲಿ ತಂದು ಸುರಿದರೆ ನಡೆಯುವುದಿಲ್ಲ. ಅದಕ್ಕಾಗಿ ನೆಲವನ್ನು ಅಂತರ್ಜಲ ಸಿಗುವವರೆಗೆ ಅಗೆದು, ಮೆಟ್ಟಿಲು ಇಳಿಸಿ, ನಡುವೆ ಬಟ್ಟೆ ಬದಲಿಸಲು ಕೋಣೆ ಬಿಟ್ಟು, ಮೇಲಿನಿಂದ ಬೆಳಕು ಬೀಳುವ ಹಾಗೆ ಕಟ್ಟಿದ್ದಾರೆ. ಇಷ್ಟೆಲ್ಲ ಅಚ್ಚುಕಟ್ಟು ಯಾರ ಬಳಕೆಗೆ? ಬಹುಪಾಲು ಹೆಂಗಸರಿಗೆ. ತಿಂಗಳ ಮುಟ್ಟು ಕಳೆದ ಮೇಲೆ, ಹೆರಿಗೆಯಾದ ಮೇಲೆ ಅವರು ಮುಳುಗಿ ಏಳಬೇಕಿತ್ತು. ಸಮುದಾಯ ತನ್ನ ಒಳ್ಳೆಯ ಕಲ್ಲನ್ನು ಭೂಮಿಯ ಕೆಳಗೆ, ಹೊರಗಿನವರು ಯಾರೂ ನೋಡದ ಜಾಗದಲ್ಲಿ ಖರ್ಚು ಮಾಡಿತು.

– ಹೆಂಗಸರ ಮಾತು ಬಂದದ್ದರಿಂದ ಕೇಳುತ್ತೇನೆ. ಮಧ್ಯಯುಗದ ಆ ಮಂದಿರದಲ್ಲಿ ಅವರಿಗೆ ಜಾಗ ಇತ್ತೇ?

– 1212–13ರಲ್ಲಿ ಮೇಯರ್ ಎಂಬವನೂ ಅವನ ಹೆಂಡತಿ ಯೂದಿತಳೂ ಗಂಡಸರ ಮಂದಿರಕ್ಕೆ ಒತ್ತಿಕೊಂಡಂತೆ ಹೆಂಗಸರಿಗಾಗಿಯೇ ಒಂದು ಮಂದಿರ ಕಟ್ಟಿಸಿದರು. ಅಂಥ ಕಟ್ಟಡಗಳಲ್ಲಿ ನಮಗೆ ಗೊತ್ತಿರುವ ಅತಿ ಹಳೆಯವುಗಳಲ್ಲಿ ಅದೊಂದು. ನಡುವೆ ಗೋಡೆಯಿತ್ತು, ಆಚೆಯ ಪ್ರಾರ್ಥನೆ ಕಿವಿಗೆ ಬೀಳಬೇಕು. ಆದರೆ ಈಚೆ ಕಡೆ ಕೇಳಿ ಸುಮ್ಮನೆ ಕೂತವರಿರಲಿಲ್ಲ. 1275ರಲ್ಲಿ ತೀರಿಕೊಂಡ ಉರಾನಿಯಾ ಎಂಬವಳ ಸಮಾಧಿಕಲ್ಲು ಸಿಕ್ಕಿದೆ. ಅವಳ ತಂದೆ ಅಬ್ರಹಾಮ್ ಮಂದಿರದ ಗಾಯಕರ ಮುಖ್ಯಸ್ಥ. ಅವಳು ಹೆಂಗಸರ ಮುಂದೆ ನಿಂತು ಇಂಪಾಗಿ ಸ್ತೋತ್ರ ಹಾಡುತ್ತಿದ್ದಳೆಂದು ಅದರ ಮೇಲಿದೆ. ಒಬ್ಬಳನ್ನು ನೆನೆಯಲು ಊರು ಆರಿಸಿಕೊಂಡದ್ದು ಅವಳ ದನಿಯನ್ನು. ಅವಳಿಗೂ ಎರಡು ಮೂರು ತಲೆಮಾರು ಮೊದಲಿನವಳು ಡುಲ್ಚಿಯಾ.

– ಎಲಿಯಾಜರ್‌ನ ಹೆಂಡತಿ.

– ಹೌದು, ‘ರೋಕೇಯಖ್’ ಗ್ರಂಥ ಬರೆದ ಎಲಿಯಾಜರ್‌ನ ಹೆಂಡತಿ. ಅವನು ರೈನ್ ದಂಡೆಯ ಭಕ್ತಿಪಂಥದ ದೊಡ್ಡ ಹೆಸರು. ಗಂಡ ಓದುತ್ತ, ಬರೆಯುತ್ತ, ಶಿಷ್ಯರಿಗೆ ಕಲಿಸುತ್ತ ಇರಬೇಕಾದರೆ ಮನೆ ನಡೆಯಬೇಕಲ್ಲ. ಡುಲ್ಚಿಯಾ ಬೇರೆ ಹೆಂಗಸರ ಹಣವನ್ನೂ ಕೂಡಿಸಿ ಸಾಲದ ವ್ಯವಹಾರ ಮಾಡಿ ಗಂಡ, ಮಕ್ಕಳು, ಶಿಷ್ಯರನ್ನೆಲ್ಲ ಸಾಕಿದಳು. ಸುಮಾರು 40 ತೋರಾ ಸುರುಳಿಗಳ ಚರ್ಮದ ಹಾಳೆಗಳನ್ನು ಹೊಲಿದಳು. ಮಂದಿರಕ್ಕೆ ಬತ್ತಿ ಹೊಸೆದಳು, ಮದುಮಗಳನ್ನು ಸಿಂಗರಿಸಿದಳು, ಸತ್ತವರನ್ನು ತೊಳೆದು ಶವವಸ್ತ್ರ ಹೊಲಿದಳು, ಊರೂರಿನ ಹೆಂಗಸರಿಗೆ ಪ್ರಾರ್ಥನೆಯ ಹಾಡು ಕಲಿಸಿದಳು. ಇದೆಲ್ಲ ನಮಗೆ ಗೊತ್ತಾಗಿರುವುದು ಎಲಿಯಾಜರ್ ಬರೆದ ಶೋಕಗೀತೆಯಿಂದ. 1196ರ ಚಳಿಗಾಲದಲ್ಲಿ ಇಬ್ಬರು ಮನೆಗೆ ನುಗ್ಗಿ ಡುಲ್ಚಿಯಾಳನ್ನೂ ಹೆಣ್ಣುಮಕ್ಕಳಾದ ಬೆಲೆಟ್ ಮತ್ತು ಹನ್ನಾರನ್ನೂ ಕೊಂದರು. ಬೆಲೆಟ್‌ಗೆ 13, ಹನ್ನಾಗೆ 6. ಕೊಂದವರಲ್ಲಿ ಒಬ್ಬನನ್ನಾದರೂ ಊರಿನ ಅಧಿಕಾರಿಗಳು ಹಿಡಿದು ಮರಣದಂಡನೆ ವಿಧಿಸಿದರು.

– ಮತ್ತೆ ಕೊಲೆಯ ಹತ್ತಿರವೇ ಬಂದಿರಿ.

– ಬಂದೆ. ಆದರೆ ಆ ಗೀತೆಯನ್ನು ಓದಿ ನೋಡಿ. ಸುಗುಣೆ ಹೆಂಡತಿಯನ್ನು ಹೊಗಳುವ ಬೈಬಲ್‌ನ ಜ್ಞಾನೋಕ್ತಿಗಳ ಕೊನೆಯ ಅಧ್ಯಾಯವನ್ನು ಅಚ್ಚಾಗಿಟ್ಟುಕೊಂಡು ಎಲಿಯಾಜರ್ ಒಂದೊಂದೇ ಸಾಲಿಗೆ ಡುಲ್ಚಿಯಾಳ ಒಂದೊಂದು ಕೆಲಸವನ್ನು ಪೋಣಿಸಿದ್ದಾನೆ. ಸಾವಿಗಿಂತ ಅವಳ ದುಡಿಮೆಗೇ ಅಲ್ಲಿ ಹೆಚ್ಚು ಜಾಗ. ಆರು ವರ್ಷದ ಹನ್ನಾ ದಿನವೂ ‘ಶೆಮಾ’ ಪ್ರಾರ್ಥನೆ ಹೇಳುತ್ತಿದ್ದಳು, ನೂಲುತ್ತಿದ್ದಳು, ಹೊಲಿಯುತ್ತಿದ್ದಳು, ತನ್ನನ್ನು ಹಾಡಿನಿಂದ ನಗಿಸುತ್ತಿದ್ದಳು ಎಂದು ಬರೆದಿದ್ದಾನೆ. ದುಃಖದಲ್ಲಿ ಮುಳುಗಿದ ಆ ಮನುಷ್ಯನೇ ಬದುಕನ್ನು ಮೊದಲು ಹೇಳಬೇಕೆಂದುಕೊಂಡ. ನಾನು 1034ರಿಂದ ಶುರು ಮಾಡುತ್ತೇನೆ ಎಂದರೆ ಅವನಿಂದ ಕಲಿತದ್ದು.

– ಒಪ್ಪಿದೆ. ಆದರೆ ನನ್ನ ಪ್ರಶ್ನೆ ಹಾಗೇ ಉಳಿದಿದೆ. ಅವರ ಬದುಕು ಅವರ ಕೈಯಲ್ಲಿತ್ತೇ?

– ಒಳಗಿನ ಬದುಕು ಇತ್ತು. ಸ್ಪೈಯರ್, ವೋರ್ಮ್ಸ್, ಮೈನ್ಜ್ ಮೂರೂ ಸೇರಿ ತಮ್ಮ ಹೀಬ್ರೂ ಹೆಸರುಗಳ ಮೊದಲಕ್ಷರ ಕೂಡಿಸಿ ‘ಶೂಮ್’ ಎಂದು ಕರೆದುಕೊಂಡವು. 1220ರ ದಶಕದಲ್ಲಿ ಮೂರೂ ಊರಿನ ಹಿರಿಯರು ಕೂತು ಕಟ್ಟಳೆಗಳನ್ನು ಮಾಡಿದರು. ಯಾವ ರಬ್ಬಿಯೂ, ಅಂದರೆ ಧರ್ಮಗುರುವೂ, ಒಬ್ಬನೇ ಯಾರಿಗೂ ಬಹಿಷ್ಕಾರ ಹಾಕಕೂಡದು, ಸಮುದಾಯ ಒಪ್ಪಬೇಕು. ಅರಸನ ಹತ್ತಿರ ಹೋಗಿ ತನಗೊಬ್ಬನಿಗೆ ತೆರಿಗೆ ಬಿಡಿಸಿಕೊಂಡು ಉಳಿದವರ ಮೇಲೆ ಹೊರೆ ಹೇರಕೂಡದು. ಮದುವೆಯಾದ ಮೊದಲ ವರ್ಷದಲ್ಲೇ ಮಕ್ಕಳಾಗದೆ ಹೆಂಡತಿ ಸತ್ತರೆ ಅವಳ ಜೊತೆ ಬಂದ ಹಣವೆಲ್ಲ ತವರಿಗೆ ಮರಳಬೇಕು, ಎರಡನೆಯ ವರ್ಷದಲ್ಲಾದರೆ ಅರ್ಧ. ಮಗಳನ್ನೂ ಕಳಕೊಂಡು ಹಣವನ್ನೂ ಕಳಕೊಂಡ ತಂದೆಯನ್ನು ಕಣ್ಣಾರೆ ಕಂಡವರೇ ಇದನ್ನು ಬರೆಯಲು ಸಾಧ್ಯ. ಅದಕ್ಕೂ ಮೊದಲು, ಮೈನ್ಜ್‌ನ ಗೆರ್ಶೋಮ್ ರಬ್ಬಿಯ ಹೆಸರಿನಲ್ಲಿ ಬಂದ ಕಟ್ಟಳೆಗಳಿವೆ. ಒಬ್ಬಳಿರುವಾಗ ಇನ್ನೊಬ್ಬಳನ್ನು ಮದುವೆಯಾಗಕೂಡದು, ಹೆಂಡತಿಯ ಒಪ್ಪಿಗೆಯಿಲ್ಲದೆ ವಿಚ್ಛೇದನ ಕೊಡಕೂಡದು, ಇನ್ನೊಬ್ಬರ ಕಾಗದ ಒಡೆದು ಓದಕೂಡದು. ವೋರ್ಮ್ಸ್‌ನಲ್ಲಿ ಹನ್ನೆರಡು ಮಂದಿಯ ಆಡಳಿತ ಸಭೆಯಿತ್ತು. ಅದರ ಮುಖ್ಯಸ್ಥನನ್ನು ಊರಿನವರು ‘ಯಹೂದಿಗಳ ಬಿಷಪ್’ ಎಂದೇ ಕರೆಯುತ್ತಿದ್ದರು.

– ಅವನನ್ನು ನೇಮಿಸುತ್ತಿದ್ದವನು ಕ್ರೈಸ್ತ ಬಿಷಪ್. ಹೊರಗಿನ ಬೀಗದ ಕೈ ಯಾವತ್ತೂ ಅವರ ಬಳಿ ಇರಲಿಲ್ಲ. ರೋಥೆನ್‌ಬುರ್ಗ್‌ನ ಮೇಯರ್ ರಬ್ಬಿಗೆ ಆದದ್ದನ್ನು ನೋಡಿ. ಹುಟ್ಟಿದ್ದು ವೋರ್ಮ್ಸ್‌ನಲ್ಲೇ. ಆ ಕಾಲದ ಜರ್ಮನಿಯಲ್ಲಿ ಅವರಿಗಿಂತ ದೊಡ್ಡ ವಿದ್ವಾಂಸರಿರಲಿಲ್ಲ. 1286ರಲ್ಲಿ, ತೆರಿಗೆಯ ಭಾರ ತಡೆಯಲಾರದೆ ಈ ಊರುಗಳಿಂದ ಯಹೂದಿಗಳು ದೇಶ ಬಿಟ್ಟು ಹೊರಟರು. ರುಡಾಲ್ಫ್ ಅರಸ ಹೋದವರ ಆಸ್ತಿ ಜಪ್ತಿ ಮಾಡಿಸಿದ. ಅವರು ಅವನ ಖಜಾನೆಗೆ ಸೇರಿದವರಲ್ಲವೇ, ಸೊತ್ತಿಗೆ ಊರು ಬಿಡುವ ಹಕ್ಕು ಎಲ್ಲಿಂದ ಬರಬೇಕು? ಮೇಯರ್ ಕೂಡ ಸಂಸಾರ ಸಮೇತ ಹೊರಟಿದ್ದರು. ಲೊಂಬಾರ್ಡಿಯಲ್ಲಿ ಗುರುತು ಸಿಕ್ಕಿ, ಹಿಡಿದು ತಂದು ಸೆರೆಯಲ್ಲಿಟ್ಟರು. ಬಿಡಿಸಲು ಸಮುದಾಯ ಭಾರಿ ಹಣ ಕೊಡಲು ಮುಂದಾಯಿತು. ಇಂದು ನನಗೆ ಹಣ ತೆತ್ತರೆ ನಾಳೆ ಇನ್ನೊಬ್ಬ ರಬ್ಬಿಯನ್ನು ಹಿಡಿಯುತ್ತಾರೆ ಎಂದು ಅವರೇ ಬೇಡವೆಂದರು ಎನ್ನುತ್ತದೆ ಪರಂಪರೆ. 1293ರಲ್ಲಿ ಸೆರೆಯಲ್ಲೇ ಸತ್ತರು. ಸತ್ತ ಮೇಲೂ ಬಿಡಲಿಲ್ಲ. ಶವಕ್ಕೂ ಹಣ ಕೇಳಿದರು. 14 ವರ್ಷ.

– 1307ರಲ್ಲಿ ಫ್ರಾಂಕ್‌ಫರ್ಟ್‌ನ ಅಲೆಕ್ಸಾಂಡರ್ ವಿಂಪ್ಫೆನ್ ಹಣ ತೆತ್ತು ಶವ ಬಿಡಿಸಿ ವೋರ್ಮ್ಸ್‌ಗೆ ತಂದು ಹೂಳಿಸಿದ. ಅದೇ ವರ್ಷ ತಾನೂ ಸತ್ತ. ಇಬ್ಬರ ಕಲ್ಲುಗಳೂ ಒತ್ತೊತ್ತಿಗೆ ನಿಂತಿವೆ. ಒಬ್ಬ ಮಹಾಪಂಡಿತ, ಇನ್ನೊಬ್ಬ ವರ್ತಕ. ಆ ಕಲ್ಲುಗಳ ಮೇಲೆ ಇಂದಿಗೂ ಜನ ಪುಟ್ಟ ಹರಳುಗಳನ್ನೂ ಬೇಡಿಕೆ ಬರೆದ ಚೀಟಿಗಳನ್ನೂ ಇಟ್ಟುಹೋಗುತ್ತಾರೆ.

– ಹಾಗಿದ್ದರೂ ನನ್ನ ವಾದದ ಕೊನೆಯ ಕಾಗದ 1348ರದು. ಆ ವರ್ಷ ನಾಲ್ಕನೆಯ ಚಾರ್ಲ್ಸ್ ಅರಸ ವೋರ್ಮ್ಸ್‌ನ ಯಹೂದಿಗಳನ್ನು, ಅವರ ಆಸ್ತಿಪಾಸ್ತಿ ಸಮೇತ, ನಗರಕ್ಕೆ ಕೊಟ್ಟುಬಿಟ್ಟ. ತೋಟವನ್ನೋ ಗಿರಣಿಯನ್ನೋ ಹಸ್ತಾಂತರಿಸಿದಂತೆ. 274 ವರ್ಷಗಳ ಹಿಂದೆ ಅದೇ ನಗರದ ಜನರ ಜೊತೆ ಒಂದೇ ಸಾಲಿನಲ್ಲಿ ಹೆಸರು ಪಡೆದವರು ಈಗ ಆ ಜನರ ಕೈಗೆ ಬಂದ ವಸ್ತು. ಅಷ್ಟರಲ್ಲಿ ಪ್ಲೇಗ್. ಮತ್ತೆ ಬಾವಿಗೆ ವಿಷ ಹಾಕಿದರೆಂಬ ಅದೇ ಸುಳ್ಳು, 1096ರಲ್ಲಿ ಇದೇ ಊರಿನಲ್ಲಿ ಹಬ್ಬಿದ್ದು. ಯಹೂದಿಗಳೂ ರೋಗದಿಂದ ಸಾಯುತ್ತಿದ್ದಾರಲ್ಲ ಎಂದು ಪೋಪ್ ಆರನೆಯ ಕ್ಲೆಮೆಂಟ್ ಬರೆದು ತಿಳಿಸಿದರೂ ಕೇಳಿದವರಿಲ್ಲ. ಎಷ್ಟೋ ಊರುಗಳಲ್ಲಿ ರೋಗ ಕಾಲಿಡುವ ಮೊದಲೇ ಕೊಲೆ ಮುಗಿದಿತ್ತು. ವೋರ್ಮ್ಸ್‌ನಲ್ಲಿ 1349ರ ಮಾರ್ಚ್ 1. ಎಷ್ಟೋ ಮಂದಿ ತಮ್ಮ ಮನೆಗಳಿಗೆ ತಾವೇ ಬೆಂಕಿಯಿಟ್ಟುಕೊಂಡರು. ಈಗ ಹೇಳಿ, ಊರಿನ ಜನವೇ?

– ಊರಿನ ಜನವೇ. ಕಾಗದ ಅವರನ್ನು ಸೊತ್ತು ಎಂದಿತು. ಅವರು ಅದನ್ನು ಒಂದು ದಿನವೂ ಒಪ್ಪಿ ಬದುಕಲಿಲ್ಲ. ಎರಡೂ ನಿಜ. ನೀವು ಹೇಳಿದ ಕಾಗದಗಳಿಲ್ಲದೆ ಕೊಲೆ ಅರ್ಥವಾಗುವುದಿಲ್ಲ. ಅದು ಜನರ ಹುಚ್ಚು ಮಾತ್ರವಲ್ಲ, ಒಬ್ಬನ ಸಹಿಯ ಮೇಲೆ ನಿಂತ ರಕ್ಷಣೆ ಇನ್ನೊಂದು ಸಹಿಯಿಂದ ಹೋದದ್ದು. ಇದನ್ನು ನಾನು ನಿಮ್ಮಿಂದ ಒಪ್ಪಿಕೊಳ್ಳುತ್ತೇನೆ. ಆದರೆ 1353ರಲ್ಲಿ ಅದೇ ನಗರಸಭೆ ಅವರನ್ನು ಮತ್ತೆ ಕರೆಸಿಕೊಂಡಿತು.

– ಹಣ ಬೇಕಿತ್ತು.

– ಹಣ ಬೇಕಿತ್ತು. ಅವರಿಗೆ ಊರು ಬೇಕಿತ್ತು. ಬಂದು ಮಂದಿರ ರಿಪೇರಿ ಮಾಡಿದರು.

– ಬೇರೆ ಎಲ್ಲಿಗೆ ಹೋಗಬೇಕಿತ್ತು? ಇಂಗ್ಲೆಂಡ್ 1290ರಲ್ಲಿ ಹೊರಹಾಕಿತ್ತು, ಫ್ರಾನ್ಸ್ 1306ರಲ್ಲಿ. 1615ರಲ್ಲಿ ವೋರ್ಮ್ಸ್‌ನ ಕಸುಬುದಾರರ ಸಂಘಗಳು ಮತ್ತೆ ಓಡಿಸಿದವು. ಮರುವರ್ಷ ಮತ್ತೆ ಬಂದರು. ಆ ಮೇಲಿನದು ಮಧ್ಯಯುಗವಲ್ಲ. ಆದರೆ 1938ರ ನವೆಂಬರ್‌ನಲ್ಲಿ ನಾಜಿಗಳು ಸುಟ್ಟದ್ದು 1174ರ ಮಂದಿರವನ್ನೇ. ಉಳಿದವರನ್ನು 1942ರಲ್ಲಿ ಸಾಗಿಸಿದರು. ಆ ಸಲ ಮರಳಿ ಬರುವವರಿರಲಿಲ್ಲ. 1961ರಲ್ಲಿ ಹಳೆಯ ಕಲ್ಲುಗಳನ್ನೇ ಆಯ್ದು ಮಂದಿರವನ್ನು ಮತ್ತೆ ಎತ್ತಿದಾಗ ಊರಿನಲ್ಲಿ ಪ್ರಾರ್ಥಿಸುವ ಸಮುದಾಯವೇ ಇರಲಿಲ್ಲ. 2021ರಲ್ಲಿ ಯುನೆಸ್ಕೊ ಮೂರೂ ಊರುಗಳ ಕಟ್ಟಡಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ್ದು ಕಲ್ಲು.

– ಪುಸ್ತಕವೂ ಉಳಿಯಿತು. ಊರಿನ ದಾಖಲೆಗಳ ಪಾಲಕ ಫ್ರೀಡ್ರಿಶ್ ಇಲ್ಲೆರ್ಟ್ ಸಮುದಾಯದ ಕಾಗದಪತ್ರಗಳ ಜೊತೆ ಒಂದು ಮಹ್ಜೋರ್ ಅನ್ನು, ಅಂದರೆ ಹಬ್ಬದ ಪ್ರಾರ್ಥನೆಗಳ ಪುಸ್ತಕವನ್ನು, ಕತೀಡ್ರಲ್‌ನಲ್ಲಿ ಅಡಗಿಸಿಟ್ಟು ಯುದ್ಧದಿಂದ ಪಾರುಮಾಡಿದರು. 1957ರಿಂದ ಅದು ಜೆರುಸಲೇಮ್‌ನಲ್ಲಿ, ಇಸ್ರೇಲ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಅದರ ಮೊದಲ ಸಂಪುಟವನ್ನು ಸಿಮ್ಹಾ ಬೆನ್ ಯೆಹೂದಾ ಎಂಬ ಲಿಪಿಕಾರ ತನ್ನ ಚಿಕ್ಕಪ್ಪನಿಗಾಗಿ 1272ರಲ್ಲಿ ಬರೆದು ಮುಗಿಸಿದ. ವೋರ್ಮ್ಸ್‌ನಲ್ಲಿ ಬರೆದದ್ದಲ್ಲ, ಆಮೇಲೆ ಬಂದು ಸೇರಿ ಶತಮಾನಗಳ ಕಾಲ ಅಲ್ಲಿ ಬಳಕೆಯಲ್ಲಿತ್ತು. ಅದರಲ್ಲಿ ಪಾಸ್‌ಓವರ್ ಹಬ್ಬದಂದು ಇಬ್ಬನಿಗಾಗಿ ಮಾಡುವ ಪ್ರಾರ್ಥನೆಯ ಪುಟವಿದೆ. ಆರಂಭದ ಹೀಬ್ರೂ ಪದವನ್ನು ದೊಡ್ಡ ಟೊಳ್ಳಕ್ಷರಗಳಲ್ಲಿ ಬರೆದು, ಆ ಅಕ್ಷರಗಳ ಹೊಟ್ಟೆಯೊಳಗೆ ಪ್ರಾಸವಿಟ್ಟು ಸಣ್ಣದೊಂದು ಹರಕೆ ಬರೆದಿದ್ದಾನೆ. ಈ ಪುಸ್ತಕವನ್ನು ಮಂದಿರಕ್ಕೆ ಹೊತ್ತು ತರುವವನಿಗೆ ದಿನ ಒಳ್ಳೆಯದಾಗಲಿ ಎಂದು.

– ಬರೆಸಿದವನಿಗಲ್ಲವೇ?

– ಅಲ್ಲ, ಹೊತ್ತವನಿಗೆ. ಚರ್ಮದ ಹಾಳೆಯ ದೊಡ್ಡ ಪುಸ್ತಕ, ಮೈಭಾರ ಹೆಚ್ಚು. ಮಾಲೀಕನ ಮನೆಯಿಂದ ಹಬ್ಬದ ಬೆಳಗ್ಗೆ ಯಾರಾದರೂ ಹೊರಬೇಕಿತ್ತು. ಲಿಪಿ ಹೀಬ್ರೂ. ಭಾಷೆ ಮಾತ್ರ ಪ್ರಾರ್ಥನೆಯದ್ದಲ್ಲ, ಜರ್ಮನ್ ನೆಲದ ಮಾತು. ನಡುವೆ ಪುಸ್ತಕಕ್ಕೆ, ಮಂದಿರಕ್ಕೆ ಮಾತ್ರ ಹೀಬ್ರೂ ಪದ. ಆ ಮಾತೇ ಯಿದ್ದಿಶ್. ಕಾಲ ಖಚಿತವಾಗಿರುವ ಯಿದ್ದಿಶ್ ವಾಕ್ಯಗಳಲ್ಲಿ ಇದಕ್ಕಿಂತ ಹಳೆಯದು ಇದುವರೆಗೆ ಗೊತ್ತಿಲ್ಲ.

– ಪವಿತ್ರ ಪದದ ಒಳಗೆ ಮನೆಮಾತು ಬರೆಯಬೇಕೆಂದು ಅವನಿಗೆ ಯಾಕೆ ಅನ್ನಿಸಿತೋ.

– ಹೊರುವವನಿಗೆ ತಿಳಿಯಲಿ ಎಂದು, ನನ್ನ ಊಹೆ. ಆ ಪುಟದ ಹೀಬ್ರೂ ಕವಿತೆ ಬಿಗಿಯಾದದ್ದು, ಪಂಡಿತರೂ ಬಿಡಿಸಿಕೊಂಡು ಓದಬೇಕು. ಹೊತ್ತು ತಂದವನು ಮನೆಯ ಹುಡುಗನೋ ಆಳೋ ಇರಬೇಕು. ಪ್ರಾರ್ಥನೆ ಅವನಿಗೆ ಅಷ್ಟಕ್ಕಷ್ಟೇ ಅರ್ಥವಾದೀತು. ಈ ಒಂದು ಮಾತನ್ನಾದರೆ ಅವನೇ ಕೂಡಿಸಿ ಓದಬಲ್ಲ.